ಒಡ್ಡಿನ ಕೆಳಗೆ ಯಾರೂ ಇಲ್ಲ

...ಬಟ್ಟೆ ತೆಗಿ ಅಕ್ಕ, ಮೊದಲು ಆ ಹಗ್ಗದ ಮೇಲಿನ ಬಟ್ಟೆ ತೆಗಿ. ಯಾಕೆ ನಗ್ತೀಯ? ಇವತ್ತೊಂದು ದಿನ ಅಷ್ಟೆ, ಇಂಜಿನಿಯರ್ ಬಂದು ಹೋಗೋವರೆಗೆ. ಒಲೆ ಹಚ್ಚಬೇಡ. ನಾಯೀನ ನಾನು ಎಳ್ಕೊಂಡು ಹೋಗ್ತೀನಿ. ನೀನು ಬಾಗಿಲು ಹಾಕ್ಕೊಂಡು ನಮ್ಮನೆಗೆ ಬಂದುಬಿಡು, ನನ್ನ ಹೆಂಡ್ತಿ ಊಟಕ್ಕೆ ಕರೆದಿದಾಳೆ.

ನಮ್ಮ ಮಕ್ಕಳಾ? ಅವಕ್ಕೆ ನೆಗಡಿ. ಅದಕ್ಕೇ ಈಚೆಗೆ ಕಳಿಸಿಲ್ಲ. ಅತ್ತೆ ಮನೆ, ಅತ್ತೆ ಮನೆ ಅಂತ ಪ್ರಾಣ ತಿಂತಾವೆ.

ಹೇಳ್ತೀನಿ ಇರು. ನನ್ನ ಸಸಿ ತೋಟಕ್ಕೆ ನೀರು ನಿಲ್ಲಿಸೋ ಮಣ್ಣಿನ ಒಡ್ಡು ಇದೆಯಲ್ಲ ಮೇಲೆ, ಅದು ಅಣೆಕಟ್ಟಂತೆ! ಅಣೆಕಟ್ಟು ಅಂದಮೇಲೆ ಅಪಾಯದ ದರ್ಜೆ ಬೇಕಂತೆ. ಒಡ್ಡು ಗಟ್ಟಿ ಇದೆಯೋ ಇಲ್ಲವೋ, ಅದು ಬೇರೆ ಲೆಕ್ಕ. ದರ್ಜೆ ಹಾಕೋದು, ಒಡೆದ್ರೆ ಕೆಳಗೆ ಯಾರಿದಾರೆ ಅಂತ ನೋಡಿ. ಯಾರೂ ಇಲ್ದಿದ್ರೆ ಕಡಿಮೆ ಅಪಾಯ. ಒಂದು ಜೀವ ಮಲಗೋ ಮನೆ ಇದ್ರೂ ಸಾಕು, ಹೆಚ್ಚು ಅಪಾಯ. ಆಮೇಲೆ ನೀರು ಖಾಲಿ ಮಾಡು, ಒಡ್ಡು ಬಿಚ್ಚಿ ಕಟ್ಟು... ಅಷ್ಟರಲ್ಲಿ ತೋಟ ಒಣಗುತ್ತೆ ಅಕ್ಕ.

ಹೂಂ, ಹೇಳಿಬಿಟ್ಟಿದೀನಿ. ಒಡ್ಡಿನ ಕೆಳಗಿರೋ ನಿನ್ನ ಈ ಮನೇನ ಸಾಮಾನು ಇಡೋ ಶೆಡ್ಡು ಅಂದೆ.

ನನ್ನ ಮುಖ ಯಾಕೆ ಹಾಗೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ಭಾವ ತೀರ್ಕೊಂಡಮೇಲೆ ಈ ಎರಡು ಕೋಣೆ ಕಟ್ಟಿಸಿಕೊಟ್ಟೋನು ಯಾರು? ನಿನ್ನ ನೀರುಪಾಲು ಮಾಡ್ತೀನಾ? ಒಡ್ಡು ಕಲ್ಲುಗುಂಡಿನ ಹಾಗಿದೆ.

ಎಲ್ಲಿ ಹೊರಟೆ... ಹಿತ್ತಲಿಗೆ ಯಾಕೀಗ?

ಏನದು ಲೋಟದಲ್ಲಿ? ಓ, ಹಿತ್ತಲಲ್ಲಿ ಜಿನುಗೋ ನೀರು. ಅಯ್ಯೋ, ಯಾವ ಒಡ್ಡು ಜಿನುಗಲ್ಲ ಹೇಳು? ತಿಳಿ ನೀರು ಬಂದ್ರೆ ಏನೂ ಭಯ ಇಲ್ಲ... ಹತ್ತಿರ ತರಬೇಡ. ಕಾಣುತ್ತೆ ಅಕ್ಕ, ಕಾಣುತ್ತೆ. ಕೆಂಪಗಿದೆ.

ಬೈದುಬಿಡು.

ಗೊತ್ತಿತ್ತು. ಆವತ್ತು ನಿನಗೆ ಗುಲಾಬಿ ಸಸಿ ಕೊಡೋಕೆ ಬಂದಾಗಲೇ ನೋಡಿದೆ. ನೀರಿನ ಜೊತೆ ಒಡ್ಡಿನ ಮಣ್ಣೂ ಕೊಚ್ಕೊಂಡು ಬರ್ತಿತ್ತು. ಕಾಲಲ್ಲಿ ಒಣ ಎಲೆ ಸರಿಸಿ ಮುಚ್ಚಿ, ನೀನು ಕೊಟ್ಟ ಕಾಫಿ ಕುಡಿದು ಹೋದೆ. ಹೇಳೋಕೆ ನಾಚಿಕೆ ಆಗುತ್ತೆ ನನಗೆ. ತೋಟ ಉಳಿದ್ರೆ ಸಾಕು ಅನ್ನಿಸಿತ್ತು...

ಇದೇನು, ಮಕ್ಕಳು ಇಲ್ಲಿ ಬಿಟ್ಟುಹೋದ ಚೆಂಡು ತಂದು ನನ್ನ ಕೈಗೆ ಕೊಡ್ತೀಯ? ಬೇಡ ಅಕ್ಕ.

ಹೌದು... ನೆಗಡಿ ಇಲ್ಲ ಅವಕ್ಕೆ. ಆವತ್ತಿಂದ ನಾನೇ ಅವನ್ನ ಇಲ್ಲಿಗೆ ಕಳಿಸ್ತಿಲ್ಲ.