ಹಿಂದಿನ ಸೀಟು

ಬೀರೇಶಾ, ನಿಮ್ಮಪ್ಪಗ ದಿನಾ ಕೆಲಸಕ್ಕ ಹೋಗಿ ಬರಾಕ ಗಾಡಿ ಯಾವುದು ಚಲೋ ಅಂತ ಕೇಳಿದಿ. ಬರೋಬ್ಬರಿ ಮನಶ್ಯಾನ್ನ ಕೇಳಿದಿ ಬಿಡು. ಕುಬಿಹಾಳದಾಗ ಈ ಮಾಂತೇಶನ್ನ ಕೇಳದ ಯಾರೂ ಗಾಡಿ ತಗೊಳ್ಳಂಗಿಲ್ಲ. ಕೇಳದ ತಗೊಂಡವ್ರು ಆಮ್ಯಾಲ ಬಂದು ಅಳತಾರ.

ವಯಸ್ಸಾದವ್ರಿಗೆ ಹಗೂರನ ಗಾಡಿ ಬೇಕು. ಕುಂತಾಗ ಎರಡೂ ಕಾಲು ನೆಲಕ್ಕ ಹತ್ತಬೇಕು. ಬಟನ್ ಒತ್ತಿದ್ರ ಚಾಲೂ ಆಗಬೇಕು. ಬೆನ್ನು ಬಗ್ಗಿಸಿ ಹ್ಯಾಂಡಲ್ ಹಿಡಿಯೂ ಹುಡುಗರ ಗಾಡಿ ಅಂತೂ ಬ್ಯಾಡ. ಮೈಲೇಜು, ಬಣ್ಣ ಎಲ್ಲಾ ಆಮ್ಯಾಲ ನೋಡೂಣು. ಆದ್ರ ಒಂದ ಮಾತು... ಹಿಂದಿನ ಸೀಟು ಮಾತ್ರ ತಗಸಬ್ಯಾಡ.

ಯಾಕ ಅಂತೀಯೇನು? ಕರೆಂಟ್ ಬರೂತನಕ ಹೆಂಗೂ ಟೈಮ್ ಐತಿ. ಆ ಬ್ಯಾಟರಿ ಬಂದ್ ಮಾಡು, ಹುಳ ಬರ್ತಾವು. ಸನೇಕ ಬಾ, ಜೋರಾಗಿ ಹೇಳೂ ಮಾತಲ್ಲ ಇದು.

ನಮ್ಮ ಗುಡದಪ್ಪ ಕಾಕಾ ಗೊತ್ತಲ್ಲ? ನಮ್ಮಪ್ಪನ ಖಾಸ ತಮ್ಮ. ಗುಡಗೇರ್ಯಾಗ ಒಂದ ಸಾಲಿಯೊಳಗ ಸಿಪಾಯಿ. ಮುಂಜಾನಿ ಗೇಟು ತಗಿಯಾಂವ, ಗಂಟಿ ಹೊಡಿಯಾಂವ, ಸಂಜಿಮುಂದ ಎಲ್ಲಾರೂ ಹೋದಮ್ಯಾಲ ಕೀಲಿ ಹಾಕಾಂವ. ಅವಂದ ಇದು.

ಹೋದ ವರ್ಷ ಹೋಳಿ ಹುಣ್ಣಿವಿ ಮುಗದಿತ್ತು. ನಾ ಹೊಲದಿಂದ ನಡಕೋತ ಬರಾಕತ್ತಿದ್ದೆ. ಹೊತ್ತು ಮುಣುಗಿ ಪೂರಾ ಕತ್ತಲಾಗಿತ್ತು. ಬೇವಿನ ಗಿಡದ ಬಾವಿ ಐತೆಲ್ಲ, ಆ ವರ್ಷ ಅದು ಹೋಳಿಗಿಂತ ಮೊದಲ ಬತ್ತಿತ್ತು. ತಳದಾಗ ಬರೇ ಕಲ್ಲು. ಅದನ್ನ ದಾಟೂಮುಂದ ಮುಂದ ಯಾರೋ ಗಾಡಿ ದೂಡಕೋತ ಹೊಂಟಿದ್ರು. ಲೈಟ್ ಇಲ್ಲ. ಬರೇ ಚೈನಿನ ಸಪ್ಪಳ... ಟಿಕ್... ಟಿಕ್... ಟಿಕ್...

ಹತ್ರ ಹೋಗಿ ನೋಡಿದ್ರ ಕಾಕಾ. ಗಾಡಿ ತಗೊಂಡು ಇನ್ನೂ ವಾರ ಆಗಿರಲಿಲ್ಲ. ಪೂಜಿ ದಿನ ಹ್ಯಾಂಡಲಿಗೆ ಕಟ್ಟಿದ್ದ ಮಾಲಿ ಒಣಗಿ ಹಂಗ ಜೋತಾಡತಿತ್ತು.

"ಏನ ಕಾಕಾ, ಪೆಟ್ರೋಲ್ ಮುಗೀತೇನ?"

"ಇಲ್ಲ."

"ಪಂಕ್ಚರ್ ಆತೇನ?"

"ಇಲ್ಲ."

"ಮತ್ತ್ಯಾಕ ದೂಡಾಕತ್ತೀದಿ?"

"ನಡಿ ನೀ."

ನನಗ ಸಿಟ್ಟು ಬಂತು. ಆ ಗಾಡಿ ಆರಿಸಿ ಕೊಡಿಸಿದಾಂವ ನಾನು! ಹೊಸಾ ಗಾಡಿ ದೂಡಕೋತ ಊರಾಗ ಹೊಕ್ರ ಮಂದಿ ನನ್ನ ಹೆಸರ ಹಿಡದು ನಗ್ತಾರ. ಅದರಾಗ ಕಾಕಾನ ಮೊಣಕಾಲು ಎರಡೂ ಕೆಟ್ಟಾವು. ಹತ್ತು ಹೆಜ್ಜಿ ನಡದ್ರ ನಿಂದ್ರಾಂವ...

ತಡಿ. ಇಲ್ಲಿ ಸ್ವಲ್ಪ ಹಿಂದಿಂದ ಹೇಳಬೇಕು.

ಕಾಕಾನ ಹಳೇ ಗಾಡಿ ನೋಡಿಲ್ಲ ನೀ. ಕಬ್ಬಿಣದ ಎತ್ತು ಅದು, ಕಿಕ್ ಹೊಡದ ಚಾಲೂ ಮಾಡಬೇಕು. ದುಂಡವ್ವ ಚಿಗವ್ವ, ಅಂದ್ರ ಕಾಕಾನ ಹೇಣ್ತಿ, ಬಾವಿ ಆಚೆ ಹೊಲದಾಗ ಮೆಣಸಿನಕಾಯಿ ಬಿಡಸಾಕ ಹೋಗಾಕಿ. ಸಂಜಿಗೆ ಕೆಲಸ ಬಿಟ್ಟು ಬಾವಿ ದಂಡಿಗೆ ಬಂದು ಕುಂದ್ರತಿದ್ಲು. ಕಾಕಾ ಗುಡಗೇರಿಯಿಂದ ಬಂದು ಹತ್ತಿಸಿಕೊಂಡು ಹೋಗಾಂವ. ಮದಿವಿ ಆದ ಹೊಸಾದ್ರಾಗ ಶುರು ಆದ ಪದ್ಧತಿ, ಕಡೀತನಕ ನಡೀತು.

ಕಾಕಾಗ ಗಾಡಿ ಹೊಲಸ ಆದ್ರ ನಡಿಯಂಗಿಲ್ಲ. ಎರಿ ಮಣ್ಣಿನ ಕಾಲು ಫುಟ್‌ರೆಸ್ಟ್ ಮ್ಯಾಲ ಇಟ್ರ ಒದರಾಡತಿದ್ದ. ಅದಕ್ಕ ಚಿಗವ್ವ ಬಾವಿಗಿಳದು ಕಾಲು ತೊಳಕೊಂಡ ಹತ್ತಾಕಿ. ಒಂದ ಬಾಜೂಕ ಕುಂತು ಎರಡೂ ಕಾಲು ಎಡಗಡೆ ಫುಟ್‌ರೆಸ್ಟ್ ಮ್ಯಾಲ ಇಡಾಕಿ. ಮನಿ ಮುಂದ ಗಾಡಿ ನಿಂತಾಗ ಆ ಫುಟ್‌ರೆಸ್ಟ್‌ನಿಂದ ನೀರು ಸೋರತಿತ್ತು... ಟಪ್... ಟಪ್... ನಾವು ಬಾಜೂಮನಿಯವ್ರು. ಆ ಸಪ್ಪಳ ಕೇಳಿದ್ರ ಇಬ್ರೂ ಬಂದ್ರು ಅಂತ ತಿಳಕೋಬೇಕು.

"ಮೊಣಕಾಲು ಹೋಗ್ಯಾವು, ಬಟನ್ ಇದ್ದ ಗಾಡಿ ತಗೋರಿ" ಅಂತ ಚಿಗವ್ವ ಎಷ್ಟ ಸಲ ಅಂದ್ಲು. ನಾನೂ ಅಂದೆ. ಕಾಕಾ ಕೇಳಬೇಕಲ್ಲ! "ನಂದ ಕಾಲು, ನಂದ ಗಾಡಿ, ನಿಮಗೇನಾಗೇತಿ?" ಅಂದ.

ಒಂದ ದಿನ ಸಾಲಿ ಕೀಲಿ ಹಾಕಿ ಬಂದು ಕಿಕ್ ಹೊಡದ. ಚಾಲೂ ಆಗಲಿಲ್ಲ. ಮತ್ತ ಹೊಡದ. ಮೊಣಕಾಲು ಕಳಕ್ ಅಂತು... ಕುಂತ ಬಿಟ್ಟ. ಯಾರೋ ಎಬ್ಬಿಸಿ ಬಸ್ಸಿಗೆ ಹತ್ತಿಸಿದ್ರು. ಬಸ್ಸು ಬರೂದು ಬ್ಯಾರೆ ಹಾದಿ, ಬಾವಿ ಕಡೆ ಬರಂಗಿಲ್ಲ. ಚಿಗವ್ವ ಉಳಿದ ಹೆಣ್ಮಕ್ಕಳ ಜೋಡಿ ನಡಕೋತ ಬಂದಿರತಾಳ ಅಂತ ಇಂವ ತಿಳಕೊಂಡ. ಮನಿಗೆ ಬಂದು ನೋಡಿದ್ರ ಬಾಗಲಾ ಹಾಕಿತ್ತು. ಫೋನ್ ಹಚ್ಚಿದ್ರ ಒಳಗ ಗ್ವಾಡಿ ಮಾಡದಾಗ ರಿಂಗಿನ ಸಪ್ಪಳ ಆತು. ಅಕಿ ಫೋನ್ ಒಯ್ತಿದ್ದಿಲ್ಲ.

ನಾನೂ ಕಾಕಾನೂ ಬ್ಯಾಟರಿ ತಗೊಂಡು ಹ್ವಾದಿವಿ. ದಂಡಿ ಮ್ಯಾಲ ಕುಂತಿದ್ಲು. ತೊಡಿಮ್ಯಾಲ ಬುತ್ತಿಗಂಟು. ಕಾಲು ತೊಳಕೊಂಡಿದ್ಲು. ಮಾರಿ ಗುಡಗೇರಿ ಹಾದಿ ಕಡೆ ಇತ್ತು... ಹಾವು ಕಡದಿತ್ತು. ಉಳಿದ ಹೆಣ್ಮಕ್ಕಳು "ಬಾ" ಅಂತ ಕರದಿದ್ರಂತ. "ಅವ್ರು ಬರ್ತಾರ, ನೀವು ನಡೀರಿ" ಅಂದಿದ್ಲಂತ.

ಕಾಕಾ ಅಳಲಿಲ್ಲ. ಮಣ್ಣು ಕೊಡೂಮುಂದೂ ಅಳಲಿಲ್ಲ. ದಿನಕರ್ಮ ಆದಮ್ಯಾಲ ಬಸ್ಸಿನ ಟೈಮ್ ಕೇಳಿದ. ಊಟಕ್ಕ ಹಾಕಿದ್ರ ಉಂಡ, ಹಾಕದಿದ್ರ ಕೇಳಲಿಲ್ಲ. ಒಂದ ವರ್ಷ ಹಂಗ ಹೋತು. ನನಗ ಅದನ್ನ ನೋಡಾಕ ಆಗ್ತಿರಲಿಲ್ಲಲೇ, ಕರೇನ ಹೇಳ್ತೀನಿ.

ಆಮ್ಯಾಲ ಬಸ್ಸಿನ ಟೈಮ್ ಬದಲಾತು. ಸಾಲಿ ಗಂಟಿ ಹೊಡಿಯೂ ಹೊತ್ತಿಗೆ ಹೋಗಿ ಮುಟ್ಟಂಗಿಲ್ಲ. ಗಾಡಿ ತಗೊಳ್ಳೂದ ಬೇಕಾತು. ಹುಬ್ಬಳ್ಳಿ ಶೋರೂಮಿಗೆ ನಾನ ಕರಕೊಂಡ ಹ್ವಾದೆ. ಒಂದೊಂದ ಗಾಡಿ ಮ್ಯಾಲ ಕುಂದರಿಸಿದೆ. ಎತ್ತರ ನೋಡಿದೆ, ತೂಕ ನೋಡಿದೆ, ಬ್ರೇಕ್ ಹಿಡಸಿದೆ. ಕುಂದ್ರು ಅಂದ್ರ ಕುಂತ, ಇಳಿ ಅಂದ್ರ ಇಳದ. ಅಗದಿ ಹಗೂರಂದು ಒಂದ ಆರಿಸಿದೆ. ರೂಬಿನಾ ಅಂತ ಅಲ್ಲಿ ಕೆಲಸದಾಕಿ, ಬಟನ್ ಒತ್ತಿ ತೋರಿಸಿದ್ಲು. ಬುರ್ ಅಂತು. ಕಾಕಾ ಆ ಬಟನ್ ನೋಡಕೋತ ಭಾಳೊತ್ತು ನಿಂತ.

ಆಮ್ಯಾಲ ಒಂದ ಮಾತು ಕೇಳಿದ. "ಹಿಂದಿನ ಸೀಟು ತಗದ್ರ ಬರತೈತೇನಬೇ?"

"ಬರತೈತ್ರಿ ಕಾಕಾ. ಚೀಲ ಇಡಾಕ ಭಾಳ ಮಂದಿ ತಗಸ್ತಾರ್ರಿ."

"ತಗಿ. ಫುಟ್‌ರೆಸ್ಟೂ ತಗಿ."

"ಯಾಕ ಕಾಕಾ, ಇರವಲ್ದ್ಯಾಕ?" ಅಂದೆ ನಾ.

"ಯಾರ ಕುಂದರವ್ರು?" ಅಂದ. ದನಿಯೊಳಗ ಏನೂ ಇರಲಿಲ್ಲ.

ಹಂಗ ಆ ಗಾಡಿ ಬಂತು. ಅದನ್ನ ದೂಡಕೋತ ಇಂವ ಬಾವಿ ಮುಂದ ಹೊಂಟಿದ್ದ... ನಾ ಬಾಜೂಕ ನಡದೆ.

ಟಿಕ್... ಟಿಕ್... ಚೈನಿನ ಸಪ್ಪಳ. ನನ್ನ ಬೂಟಿನ ಸಪ್ಪಳ. ಕಾಕಾ ಕಾಲು ಎಳಿಯೂ ಸಪ್ಪಳ. ಮತ್ತ... ಹಿಂದ ಇನ್ನೊಂದು.

ಚಪ್... ಚಪ್... ಚಪ್...

ಹಸೀ ಕಾಲಾಗ ಚಪ್ಪಲಿ ಹಾಕ್ಕೊಂಡು ನಡದ್ರ ಬರತೈತೆಲ್ಲ, ಅದ.

ಹಿಂದ ತಿರಗಿ ನೋಡಿದೆ. ಹಾದಿ ಬರೇದ ಇತ್ತು. ನಾವು ನಿಂತ್ರ ಅದೂ ನಿಂತಿತು. ನಡದ್ರ ಬಂತು.

"ಕಾಕಾ... ಹಿಂದ ಯಾರೋ..."

"ಹೂಂ."

"ಗಾಡಿ ಚಾಲೂ ಮಾಡು. ನಾ ಕ್ಯಾರಿಯರ್ ಮ್ಯಾಲ ಹೆಂಗರ ಕುಂದ್ರತೀನಿ. ಹೋಗೂಣು ನಡಿ!"

ಕಾಕಾ ನನ್ನ ಮಾರಿ ನೋಡಿದ.

"ಅಕಿ ಎಲ್ಲಿ ಕುಂದ್ರತಾಳ?"

ನಾ ಖಾಲಿ ಕ್ಯಾರಿಯರ್ ನೋಡಿದೆ.

"ಮೊದಲನೇ ದಿನ ಗಾಡಿ ಮ್ಯಾಲ ಬಂದೆ," ಅಂದ, ಪಿಸಿಪಿಸಿ. "ಹಿಂದ ಓಡಕೋತ ಬಂದ್ಲು. ಜೋರ ಹೊಡದೆ... ಜೋರ ಓಡಿದ್ಲು. ಅವತ್ತಿಂದ ಬಾವಿ ಹತ್ರ ಇಳದು ನಡೀತೀನಿ."

"ಅಂಜಿಕಿ ಬರಲಿಲ್ಲೇನ?"

"ಇಲ್ಲ. ಏನೂ ಬರಲಿಲ್ಲ."

ಊರ ಅಗಸಿ ಬಾಗಲಾ ಬಂತು. ಸಪ್ಪಳ ಅಲ್ಲೇ ನಿಂತಿತು. ಕಾಕಾನೂ ನಿಂತ.

"ಇಲ್ಲೀತನಕ ಬರತಾಳ. ಒಳಗ ಬರಂಗಿಲ್ಲ. ಅಕಿ ಹೋದ ದಿನ ಮುಂಜಾನಿ ನಾನ ಹೇಳಿದ್ದೆ, ಬಾವಿ ಕಡೆ ಕುಂದ್ರು, ಗಾಡಿ ಮ್ಯಾಲ ಮನೀಗೆ ಒಯ್ತೀನಿ ಅಂತ."

ಇಷ್ಟ ಅಂದು ಗಾಡಿ ದೂಡಕೋತ ಒಳಗ ಹ್ವಾದ. ನಾ ಆ ರಾತ್ರಿ ಮಲಗಲಿಲ್ಲ. ಅಂಜಿಕಿ ಒಂದ ಕಡೆ. ಒಂದ ವರ್ಷ ಪೂರಾ ಆ ದಂಡಿ ಮ್ಯಾಲ ಕುಂತಿದ್ಲಲ್ಲ ಅಂತ ಸಂಕಟ ಒಂದ ಕಡೆ. ನನಗ ರೊಟ್ಟಿ ತಟ್ಟಿ ಹಾಕಿದಾಕಿ ಅಕಿ.

ಮುಂಜಾನಿ ಎದ್ದವನ ಶೋರೂಮಿಗೆ ಹ್ವಾದೆ. ರೂಬಿನಾ ಆ ಸೀಟು, ಫುಟ್‌ರೆಸ್ಟು ಎರಡೂ ತಗದ ಇಟ್ಟಿದ್ಲು. ಗುಡಗೇರಿಗೆ ತಂದು ಸಾಲಿ ಗೇಟಿನ ಮುಂದ ನಾನ ಸ್ಪ್ಯಾನರ್ ಹಿಡದು ಕುಂತು ಬಿಗದೆ. ಕಾಕಾ ನೋಡಕೋತ ನಿಂತ. ಆಮ್ಯಾಲ ತನ್ನ ಟಾವೆಲ್ ತಗದು ಸೀಟು ಒರಿಸಿದ.

ಸಂಜಿಗೆ ನಾ ಮೊದಲ ಬಂದು ಬೇವಿನ ಗಿಡದ ಬುಡಕ ನಿಂತಿದ್ದೆ. ಕಾಕಾ ಬಂದ. ದಂಡಿ ಹತ್ರ ನಿಲ್ಲಿಸಿದ. ಇಂಜಿನ್ ಬಂದ್ ಮಾಡಲಿಲ್ಲ. ಕಾಲಿಂದ ಎಡಗಡೆ ಮಡಚಿದ್ದ ಫುಟ್‌ರೆಸ್ಟ್ ಬಿಚ್ಚಿದ... ಖಟ್.

"ಹತ್ತ ಬೇ," ಅಂದ. "ಗಾಡಿ ತಂದೇನಿ."

ಗಾಳಿ ಇರಲಿಲ್ಲ. ಒಂದ ಎಲಿ ಅಲಗಾಡತಿರಲಿಲ್ಲ. ಗಾಡಿ ಹಿಂದಿನ ಸ್ಪ್ರಿಂಗ್ ಕಿರ್ರ್ ಅಂತು... ಒಂದ ಬೆರಳಿನಷ್ಟ ಕೆಳಗಿಳೀತು. ಬಳಿ ಸಪ್ಪಳ ಒಂದ ಸಲ. ಅಷ್ಟ. ಕಾಕಾ ಮೆಲ್ಲಕ, ತಗ್ಗು ಬಂದಲ್ಲೆ ತಪ್ಪಿಸಿಕೋತ, ಹ್ವಾದ.

ನಾ ಒಬ್ನ ನಡಕೋತ ಊರಿಗೆ ಬಂದೆ. ಹಿಂದ ಯಾವ ಸಪ್ಪಳಾನೂ ಇರಲಿಲ್ಲ.

ಕಾಕಾನ ಮನಿ ಮುಂದ ಗಾಡಿ ನಿಂತಿತ್ತು. ಬಾಜೂಕ ನೆಲದ ಮ್ಯಾಲ ಕಾಕಾ ಕುಂತಿದ್ದ. ಮಾರಿ ಮ್ಯಾಲ ಟಾವೆಲ್ ಹಾಕ್ಕೊಂಡು ಅಳಾಕತ್ತಿದ್ದ. ಸಣ್ಣ ಹುಡುಗ ಅತ್ತಂಗ ದನಿ ತಗದು. ನಾ ಹೋಗಿ ಬಾಜೂಕ ಕುಂತೆ. ಆವಾಗ ಕೇಳಿಸಿತು...

ಟಪ್... ಟಪ್...

ಎಡಗಡೆ ಫುಟ್‌ರೆಸ್ಟ್ ಕೆಳಗ ಕೈ ಇಟ್ಟು ನೋಡಿದೆ. ತಣ್ಣಗ ಇತ್ತು ನೀರು. ಬಾವಿಯಾಗ ಹನಿ ನೀರಿಲ್ಲದ ಬ್ಯಾಸಗಿ ಅದು, ನೆನಪಿಟ್ಕೋ.

ನಗು, ನಗು. ನೀ ಓದಿದಾಂವ. ಕಾಕಾ ಈಗೂ ದಿನಾ ಬಾವಿ ಹತ್ರ ನಿಲ್ಲಿಸ್ತಾನ. ನಾಳೆ ಬೆಳಕಿನ್ಯಾಗ ಹೋಗಿ ಆ ಗಾಡಿ ನೋಡು. ಎರಡೂ ಫುಟ್‌ರೆಸ್ಟ್ ಒಂದ ದಿನ ನಾನ ಬಿಗದದ್ದು, ಒಂದ ಕಬ್ಬಿಣದ್ದು. ಬಲಗಡೆದು ಇನ್ನೂ ಹೊಸಾದಿದ್ದಂಗ ಐತಿ. ಎಡಗಡೆದು ತುಕ್ಕು ಹಿಡದೈತಿ.