ಅಂಗೈ ಇಟ್ಟು ನೋಡೀನಿ

ಕ್ಯಾನ್ಯನ್ ಪಾರ್ಕ್ ಆಫೀಸುಗಳ ಹಿಂದೆ ಮಳೆನೀರು ನಿಲ್ಲೋಕೆ ಅಂತ ಒಂದು ಕುಂಟೆ ತೋಡಿದಾರಲ್ಲ, ಸುತ್ತ ತಂತಿಬೇಲಿ ಹಾಕಿ... ಅದರ ಪಕ್ಕದಲ್ಲೇ ನಡ್ಕೊಂಡು ಬರ್ತಿದ್ದ ನಮ್ಮ ಕಲ್ಮೇಶ. ರಾತ್ರಿ ಹನ್ನೆರಡೂಮುಕ್ಕಾಲು. ಎರಡು ಸಾವಿರದ ಹದಿನೈದು, ನವೆಂಬರ್. ಸಣ್ಣಗೆ ಮಳೆ. ಯಾರೋ ಹೇಳಿದ್ದು, ಎಲ್ಲೋ ಓದಿದ್ದು ಅಲ್ಲ ಇದು. ಕಲ್ಮೇಶ ನನ್ನ ಸ್ವಂತ ಚಿಕ್ಕಪ್ಪನ ಮಗ. ಅವತ್ತು ಅವನು ಬಂದು ಬಡಿದಿದ್ದು ನಮ್ಮನೆ ಬಾಗಿಲನ್ನೇ.

ಈ ಪರದೇಶಕ್ಕೆ ಬಂದ್ಮೇಲೆ ಎವರೆಟ್‌ನ ವಿಮಾನದ ಫ್ಯಾಕ್ಟರಿಯಲ್ಲಿ ಅವನಿಗೆ ಸೆಕೆಂಡ್ ಶಿಫ್ಟು. ಮುಗಿಸ್ಕೊಂಡು ಜೀಪಲ್ಲಿ ಬರ್ತಿದ್ದ. ಕುಂಟೆಗೆ ಇನ್ನೂ ಅರ್ಧ ಮೈಲಿ ಇದೆ ಅನ್ನೋವಾಗ ಜೀಪು ಎರಡು ಸಲ ಕೆಮ್ಮಿ ನಿಂತೇ ಹೋಯ್ತು. ಆ ವಾರದಲ್ಲಿ ಮೂರನೇ ಸಲ. ಅದೇ ಜಾಗ. ಬೀಗ ಹಾಕಿ, ಕೀ ಜೇಬಿಗಿಳಿಸಿ ನಡೆಯೋಕೆ ಶುರು ಮಾಡಿದ.

ಕುಂಟೆ ಹತ್ರ ಬಂದಾಗ ಹಿಂದೆ ಎಂಜಿನ್ ಸದ್ದು. ಗುಡುಗುಡು ಅಂತ ನಿಧಾನಕ್ಕೆ... ನಿಲ್ಲಿಸಿದ ಗಾಡಿಯ ಎಂಜಿನ್ ಸುಮ್ಮನೆ ಓಡ್ತಿರುತ್ತಲ್ಲ, ಹಾಗೆ. ಅದರ ಮೇಲೆ, ಕೊಳವೆಯಲ್ಲಿ ಗಾಳಿ ಎಳೆಯೋ ಸದ್ದು. ಸ್ಸ್‌ಸ್... ಸ್ಸ್‌ಸ್... ಆಮೇಲೆ 'ಪಚ್' ಅಂತ. ಒದ್ದೆ ಅಂಗೈ ಪ್ಲಾಸ್ಟಿಕ್ ಮೇಲೆ ಬಿದ್ದ ಸದ್ದು. ಎಂಜಿನ್ ಗೊರ್ ಗೊರ್ ಅಂದು... ಬಂದ್.

ತಿರುಗಿ ನೋಡಿದ. ರಸ್ತೆ ಖಾಲಿ. ಜೀಪು ಅರ್ಧ ಮೈಲಿ ದೂರ. ಕೀ ಜೇಬಲ್ಲೇ ಇದೆ.

ಮತ್ತೆ ಶುರುವಾಯ್ತು. ಗುಡುಗುಡು... ಸ್ಸ್‌ಸ್... ಪಚ್... ಬಂದ್. ಈ ಸಲ ಬೇಲಿ ಪಕ್ಕದಲ್ಲೇ. ಕಲ್ಮೇಶ ಓಡಿದ.

ಆ ಸದ್ದು ಏನು ಅಂತ ಗೊತ್ತಾಗಬೇಕಾದ್ರೆ ನಿಮಗೆ ಜೀಪಿನ ವಿಷಯ ಹೇಳಬೇಕು. ಜೀಪು ಕಲ್ಮೇಶಂದಲ್ಲ, ಪ್ರಭುದೇವಂದು. ಪ್ರಭು ಗದಗಿನ ಹುಡುಗ. ಕಾಲೇಜಲ್ಲಿ ಇವನೂ ಅವನೂ ನಾಲ್ಕು ವರ್ಷ ಒಂದೇ ರೂಮು, ಒಂದೇ ತಟ್ಟೆ. ಇಲ್ಲಿ ಸೌತ್ ಲೇಕ್ ಯೂನಿಯನ್ ಅನ್ನೋ ಏರಿಯಾದ ಆಫೀಸಲ್ಲಿ ಕೆಲಸ. ಶನಿವಾರ ಬಂದ್ರೆ ಸಾಕು, ಆ ಹಳೇ ಜೀಪು ತಗೊಂಡು ಕಾಡು, ಹಳ್ಳ, ಕೆಸರು. ಹೆಂಡತಿ ಸ್ವಪ್ನಾ ಬೈದು ಬೈದು ಸುಸ್ತಾಗಿದ್ಲು. ಅವಳ ಸಮಾಧಾನಕ್ಕೆ ಅಂತಲೇ ಪ್ರಭು ಸ್ನಾರ್ಕೆಲ್ ತರಿಸಿದ.

ಎಂಜಿನ್ನೂ ನಮ್ಮ ಹಾಗೇ, ಗಾಳಿ ಎಳ್ಕೊಂಡೇ ಬದುಕೋದು. ಅದರ ಮೂಗು ಬಾನೆಟ್ ಒಳಗಿರುತ್ತೆ. ಹಳ್ಳಕ್ಕಿಳಿದಾಗ ಗಾಳಿ ಬದಲು ನೀರು ಎಳ್ಕೊಂಡ್ರೆ ಮುಗೀತು, ಒಳಗಿನ ರಾಡು ಬಗ್ಗಿ ಅಲ್ಲೇ ಸಾಯುತ್ತೆ. ಅದಕ್ಕೇ ಮೂಗಿಗೊಂದು ಕೊಳವೆ ಜೋಡಿಸಿ, ಮುಂದಿನ ಗಾಜಿನ ಪಕ್ಕದಲ್ಲಿ ಮೇಲಕ್ಕೆ ತಂದು, ಚಾವಣಿ ಎತ್ತರದಲ್ಲಿ ಅದರ ಬಾಯಿ ಬಿಡ್ತಾರೆ. ಅದೇ ಸ್ನಾರ್ಕೆಲ್. ಆದ್ರೆ ಕೊಳವೆ ಕೂಡೋ ಪ್ರತಿ ಜಾಯಿಂಟಿಗೂ ಸೀಲಂಟ್, ಅಂದ್ರೆ ಸಂದು ಮುಚ್ಚೋ ಅಂಟು, ಹಚ್ಚಬೇಕು. ಒಂದು ಬಿಟ್ರೂ ಅಲ್ಲಿಂದ ನೀರು ನುಗ್ಗುತ್ತೆ. ಸರಿಯಾಗಿದೆಯಾ ಅಂತ ನೋಡೋದು ಸುಲಭ. ಎಂಜಿನ್ ಓಡ್ತಿರುವಾಗ ಮೇಲಿನ ಬಾಯಿಗೆ ಅಂಗೈ ಒತ್ತಿ ಮುಚ್ಚಬೇಕು. ಉಸಿರುಕಟ್ಟಿ ನಿಂತರೆ ಸರಿ ಇದೆ. ನಿಲ್ಲದೆ ಓಡ್ತಾನೇ ಇದ್ರೆ... ಇನ್ನೆಲ್ಲಿಂದಲೋ ಗಾಳಿ ಎಳೀತಿದೆ ಅಂತ ಅರ್ಥ.

ಕಲ್ಮೇಶನ ಹೊಟ್ಟೆಪಾಡೇ ಅದು. ವಿಮಾನದ ರೆಕ್ಕೆಯೊಳಗಿನ ಟ್ಯಾಂಕಿಗೆ ಹಚ್ಚಿದ ಸೀಲಂಟ್ ನೋಡೋದು, ಸರಿಯಿದೆ ಅಂತ ಮುದ್ರೆ ಒತ್ತೋದು. ಸ್ನಾರ್ಕೆಲ್ ಕೂರಿಸೋಕೆ ಅವನನ್ನ ಬಿಟ್ಟು ಇನ್ಯಾರನ್ನ ನಂಬ್ತಾನೆ ಪ್ರಭು, ಹೇಳಿ?

ಎರಡು ಸಾವಿರದ ಹದಿನಾಲ್ಕರ ಅಕ್ಟೋಬರ್, ಒಂದು ಶನಿವಾರ, ಪ್ರಭು ಮನೆ. ನಾನೂ ಅಲ್ಲೇ ಇದ್ದೆ. ಸ್ವಪ್ನಾ ಗಿರ್ಮಿಟ್ ಕಲಸ್ತಿದ್ಲು. ಕಲ್ಮೇಶ ಗ್ಯಾರೇಜಿಂದ ಕೈ ಒರೆಸ್ಕೊಂಡು ಒಳಗೆ ಬಂದ.

"ಅಂಗೈ ಇಟ್ಟು ನೋಡಿದೇನಲೇ?" ಅಂದ ಪ್ರಭು.

"ನೋಡೀನಿ. ಗಪ್ ಅಂತ ಬಂದ್ ಆತು."

ಅಷ್ಟೇ. ಎಲ್ಲರೂ ಕೂತು ಗಿರ್ಮಿಟ್ ತಿಂದ್ವಿ.

ಮೂರು ವಾರ ಆದ್ಮೇಲೆ ಕಾರ್ನೇಶನ್ ಊರಿನ ಕಡೆ ನದಿ ಉಕ್ಕಿ ರಸ್ತೆ ಮೇಲೆ ಬಂತು. ಪ್ರಭು ಮನೆಗೆ ವಾಪಸ್ ಬರ್ತಿದ್ದ. ಆ ನೀರಿಗೆ ಜೀಪು ಇಳಿಸಿದ. ನಡುನೀರಲ್ಲಿ ಎಂಜಿನ್ ನಿಂತಿತು. ಇಳಿದು ನಡೀತೀನಿ ಅಂತ ಬಾಗಿಲು ತೆಗೆದೋನು... ಸಿಕ್ಕಿದ್ದು ಎರಡು ದಿನ ಬಿಟ್ಟು.

ಹುಚ್ಚು ಧೈರ್ಯ ಅಂದ್ರು ಎಲ್ಲ. ಮೊದಲು ಅಂದೋನೇ ಕಲ್ಮೇಶ. "ನೀರಿಗೆ ಇಳೀಬ್ಯಾಡ ಅಂತ ಹೇಳಿದ್ದೆ, ನನ್ನ ಮಾತು ಎಲ್ಲಿ ಕೇಳ್ತಿದ್ದ" ಅಂತ ಹೆಣದ ಮುಂದೆ ನಿಂತು ಅತ್ತ. ನಾನೂ ಸ್ವಪ್ನಾ ಕೈ ಹಿಡ್ಕೊಂಡು, "ಅವನ ಹುಚ್ಚಿಗೆ ನೀ ಏನ್ ಮಾಡಾಕ ಆಗ್ತಿತ್ತವಾ" ಅಂದೆ. ಅವಳು ನನ್ನನ್ನೇ ನೋಡಿದ್ಲು. ಜೀಪು ಗೆಳೆಯನ ನೆನಪಿಗೆ ಇರಲಿ ಅಂತ ಕಲ್ಮೇಶ ತಗೊಂಡುಹೋದ, ಬೇರೆ ಎಂಜಿನ್ ಹಾಕಿಸಿದ. ಎಷ್ಟು ಒಳ್ಳೆ ಮನಸ್ಸು ನಮ್ಮ ಹುಡುಗಂದು ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ. ನನ್ನ ಬುದ್ಧಿಗಿಷ್ಟು!

ಒಂದು ವರ್ಷ ಆದ್ಮೇಲೆ, ಆ ರಾತ್ರಿ. ಬಾಗಿಲು ತೆಗೆದ್ರೆ ಕಲ್ಮೇಶ ತೊಯ್ದು ತೊಪ್ಪೆಯಾಗಿ ನಿಂತಿದ್ದ. ಹಲ್ಲು ಕಟಕಟ ಅಂತಿತ್ತು.

"ಲೈಟ್ ಹಾಕಬ್ಯಾಡ ಅಕ್ಕಾ," ಪಿಸುಗುಟ್ಟಿದ.

"ಏನಾತೋ?"

"ಪ್ರಭು... ನೋಡಾಕತ್ತಾನ. ಅಂಗೈ ಇಟ್ಟು. ದಿನಾ."

ಕೇಳಿದ ಸದ್ದನ್ನೆಲ್ಲ ಹೇಳಿದ. ನಾನು ಮೆತ್ತಗೆ ಕೇಳಿದೆ.

"ಅವತ್ತು ನೀ ನೋಡಿದ್ದಿಲ್ಲೇನು?"

"ನೋಡಿದ್ದೆ ಅಕ್ಕಾ."

"ಮತ್ತ?"

"...ನಿಲ್ಲಲಿಲ್ಲ."

ಬಾನೆಟ್ ಒಳಗೆ ಗಾಳಿ ಸೋಸೋ ಫಿಲ್ಟರ್ ಡಬ್ಬಿಗೆ ಕೊಳವೆ ಕೂಡುತ್ತಲ್ಲ, ಆ ಜಾಯಿಂಟಿಗೆ ಅವನು ಸೀಲಂಟ್ ಹಚ್ಚೇ ಇರಲಿಲ್ಲ. ಹಚ್ಚಬೇಕಂದ್ರೆ ಮತ್ತೆ ಬಿಚ್ಚಬೇಕು, ಇಡೀ ದಿನ ಒಣಗೋಕೆ ಬಿಡಬೇಕು. ವಾರವೆಲ್ಲ ಫ್ಯಾಕ್ಟರಿಯಲ್ಲಿ ಅದೇ ಆಯ್ತು, ಇಲ್ಲೂ ಯಾಕೆ ಅನ್ನಿಸಿತಂತೆ. ಮುಂದಿನ ವಾರ ಹಚ್ಚಿದ್ರಾಯ್ತು ಅನ್ಕೊಂಡನಂತೆ. ಮುಂದಿನ ವಾರ ಮರೆತನಂತೆ. ಮರೆತನಂತೆ! ಜೀಪು ತಗೊಂಡುಹೋಗಿದ್ದು ನೆನಪಿಗಲ್ಲ. ಬೇರೆ ಯಾರಾದ್ರೂ ಬಾನೆಟ್ ಎತ್ತಿ ನೋಡ್ತಾರೆ ಅನ್ನೋ ಭಯಕ್ಕೆ. ನನಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸ್ತು. ಬಾರಿಸಲಿಲ್ಲ, ಅದೇ ನನ್ನ ತಪ್ಪು.

"ಆಮ್ಯಾಲಾದ್ರೂ ಹಚ್ಚಿಯೋ ಇಲ್ಲೋ?"

"ಇಲ್ಲ ಅಕ್ಕಾ. ಕೈ ಹೋಗಲಿಲ್ಲ. ಇನ್ನೂ ಹಂಗ ಐತಿ."

"ಜಾಯಿಂಟ್ ಬಿಟ್ಟಿದ್ರ, ಅಂಗೈ ಇಟ್ಟಾಗ ಎಂಜಿನ್ ಹೆಂಗ ನಿಂದ್ರತೈತೋ?"

ಅವನಿಗೂ ಅದು ಹೊಳೆದಿರಲಿಲ್ಲ.

"ಬೆಳಿಗ್ಗೆ ಸ್ವಪ್ನಾ ಮುಂದ ಎಲ್ಲಾ ಹೇಳಬೇಕು ನೀನು. ಸತ್ತವನ ಹೆಸರು ಕೆಟ್ಟೈತಿ."

"ಹೇಳ್ತೀನಿ ಅಕ್ಕಾ. ಅವ್ವನ ಆಣಿ."

ನನ್ನ ಎರಡೂ ಕೈ ಹಿಡ್ಕೊಂಡು ಹೇಳಿದ. ಸೋಫಾ ಮೇಲೆ ಹಾಸಿಕೊಟ್ಟೆ. ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದ್ರೆ ರಗ್ಗು ಮಡಚಿಟ್ಟಿದೆ, ಅದರ ಮೇಲೆ ಜೀಪಿನ ಕೀ. ಅವನಿಲ್ಲ. ಫೋನ್ ಸ್ವಿಚ್ ಆಫ್. ಮುಂದೆ ತಿಂಗಳೊಳಗೆ ಕೆಲಸ ಬಿಟ್ಟು ಬೇರೆ ರಾಜ್ಯಕ್ಕೇ ಹೋದ. ಅವ್ವನ ಮೇಲೆ ಆಣೆ ಇಟ್ಟೋನು. ನಾನು ಎತ್ತಿ ಆಡಿಸಿದ ಹುಡುಗ.

ಕೀ ತಗೊಂಡು ಜೀಪಿನ ಹತ್ರ ಹೋದೆ. ಬಾನೆಟ್ ಎತ್ತಿದೆ. ಜಾಯಿಂಟಿನ ಸುತ್ತ ಬೂದು ಬಣ್ಣದ ಸೀಲಂಟ್, ಬಳೆ ಹಾಗೆ, ಒಂದು ಎಳೆಯೂ ಬಿಡದೆ. ಬೆರಳಿಟ್ಟೆ. ಅಂಟಿಕೊಂಡಿತು... ಇನ್ನೂ ಹಸಿ. ಎಂಜಿನ್ ಶುರು ಮಾಡಿ, ಬಾಗಿಲ ಮೆಟ್ಟಿಲ ಮೇಲೆ ಹತ್ತಿ, ಕೊಳವೆ ಬಾಯಿಗೆ ಅಂಗೈ ಒತ್ತಿದೆ. ಚರ್ಮ ಒಳಕ್ಕೆ ಎಳೀತು. ಗಪ್ ಅಂತ ಬಂದ್.

ಕಲ್ಮೇಶನೇ ರಾತ್ರಿ ಎದ್ದು ಹೋಗಿ ಹಚ್ಚಿರಬೇಕು ಅಂತೀರಿ. ನಾನೂ ಹಾಗೇ ಅಂದ್ಕೊಂಡೆ. ಅಂದ್ಕೊಂಡೇ ಸ್ವಪ್ನಾ ಮನೆಗೆ ಹೋದೆ, ಎಲ್ಲಾ ಹೇಳಿದೆ. ಅವಳು ಅಳಲಿಲ್ಲ.

"ನನಗ ಗೊತ್ತಿತ್ತು ವಿಜಯಕ್ಕ," ಅಂದ್ಲು. "ಆ ಫಿಲ್ಟರ್ ಡಬ್ಬಿ ಜಾಯಿಂಟಿಗಂತ ಅವರು ತಂದಿದ್ದ ಸೀಲಂಟ್ ಟ್ಯೂಬು ಗ್ಯಾರೇಜ್ ಕಪಾಟಿನ್ಯಾಗ ಹಂಗ ಇತ್ತು. ಬಾಯಿ ಸೈತ ಕತ್ತರಿಸಿರಲಿಲ್ಲ. ಅವರು ಹೋದ ವಾರನ ನೋಡಿದೆ."

"ಯಾಕ ಹೇಳಲಿಲ್ಲ?"

"ಕಲ್ಮೇಶ ತಾನ ಬಂದು ಹೇಳ್ತಾನ ಅಂತ ಕಾಯ್ದೆ. ನೀರಿಗೆ ಇಳಿಯೋ ಮೊದಲ ಅವರು ನನಗ ಫೋನ್ ಮಾಡಿದ್ರು. ಹೆದರಬ್ಯಾಡ, ಕಲ್ಮೇಶ ಅಂಗೈ ಇಟ್ಟು ನೋಡ್ಯಾನ ಅಂದ್ರು. ನೀವೂ ಅವರಿಗೇ ಹುಚ್ಚ ಅಂದ್ರಿ..."

ನನಗೆ ತಲೆ ಎತ್ತೋಕೆ ಆಗಲಿಲ್ಲ. ನೀರಿಗಿಳಿದಿದ್ದು ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ನಂಬಿ ಇಳಿದಿದ್ದ.

ಬರ್ರಿ, ತೋರಸ್ತೀನಿ ಅಂತ ಗ್ಯಾರೇಜಿಗೆ ಕರ್ಕೊಂಡು ಹೋದ್ಲು. ಕಪಾಟಿನ ಬೀಗದ ಕೈ ಅವಳ ಕೊರಳ ಸರದಲ್ಲೇ ಇತ್ತು. ಒಂದು ವರ್ಷದಿಂದ ಅಲ್ಲೇ ಇದೆ ಅಂದ್ಲು. ಬೀಗ ತೆಗೆದು, ಟ್ಯೂಬು ಕೈಗೆ ತಗೊಂಡ್ಲು...

ಬಾಯಿ ಕತ್ತರಿಸಿತ್ತು. ಅರ್ಧ ಖಾಲಿ. ಟೂತ್‌ಪೇಸ್ಟ್ ಮಡಚೋ ಹಾಗೆ, ತಳದಿಂದ ನೀಟಾಗಿ ಮಡಚಿಕೊಂಡು ಬಂದಿತ್ತು.

"ಅವರು ಹಿಂಗ ಮಡಚತಿದ್ರು," ಅಂದ್ಲು ಸ್ವಪ್ನಾ. ಅದನ್ನ ಎದೆಗೊತ್ತಿಕೊಂಡು ಗ್ಯಾರೇಜಿನ ನೆಲದ ಮೇಲೇ ಕೂತ್ಲು.

ಯಾರನ್ನ ಬೇಕಾದ್ರೂ ಕೇಳಿ, ಇದು ನಡೆದದ್ದು. ಟ್ಯೂಬು ಈಗಲೂ ಅವಳ ಮನೆಯಲ್ಲಿದೆ. ಅದಕ್ಕೆ ಮುಚ್ಚಳ ಇಲ್ಲ. ಗಾಳಿಗೆ ಒಂದು ದಿನದಲ್ಲಿ ಕಲ್ಲಾಗೋ ಸರಕು ಅದು. ನಾಲ್ಕು ವರ್ಷ ಆಯ್ತು... ಹೋದ ಭಾನುವಾರ ನಾನೇ ಬೆರಳಿಟ್ಟು ನೋಡಿದೆ. ಇನ್ನೂ ಅಂಟುತ್ತೆ.