ಥಂಡಿ ಬ್ಯಾಡ ಅಂದದ್ದು

ಕಲಬುರಗಿ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ಬಸವಳಿದು ಕೂತಿದ್ದ ಮಂಜುಷಾಳ ಕಿವಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬಿತ್ತು. ಕಮಲಾಪುರದ ತಂಗಿ ತಂದಿದ್ದ ಕೆಂಪು ಬಾಳೆಹಣ್ಣನ್ನು ಅಕ್ಕ ತಿರುಗಿ ಅವಳ ಚೀಲಕ್ಕೇ ತುಂಬುತ್ತಿದ್ದಳು.

“ಯಾಕ ಭೀಮಕ್ಕಾ? ಮಕ್ಕಳಿಗೆ ಜ್ಯೂಸ್ ಮಾಡಿಕೊಡು.”

“ಬ್ಯಾಡ ತ್ರಿವೇಣಿ. ಈ ಹಣ್ಣ ಕಂಡ್ರ ನಮ್ಮತ್ತಿ ನೆನಪಾಗ್ತಾರ.”

“ಅವರಿಗೂ ಜ್ಯೂಸ್ ಮಾಡಿಕೊಟ್ಟಿದ್ದಿಯೇನು?”

“ನಾ ಎಲ್ಲಿ ಕೊಟ್ಟೆ! ನನ್ನ ಮಗಳು ಸಂಘಮಿತ್ರಾ ಹೋಳು ಮಾಡಿ ಫ್ರೀಜರ್‌ನ್ಯಾಗ ಇಟ್ಳು. ಕಲ್ಲಾದ ಮ್ಯಾಲ ಹಾಲು ಹಾಕಿ ಮಿಕ್ಸಿಗೆ ತಿರುವಿ ಕುಡಿಸಿದ್ಳು. ನಾ ಬೈದೆ.”

“ಬೈದಿ ಯಾಕ?”

“ಗಂಟಲಿಗೆ ಕ್ಯಾನ್ಸರ್, ಥಂಡಿ ಆಗಂಗಿಲ್ಲ ಅಂತ ತಿಳಿದಿದ್ದೆ. ಚಳಿಗಾಲದಿಂದ ಬರೀ ಬಿಸಿ ಗಂಜಿ ಕುಡಿಸಿದ್ದೆ.”

“ಜ್ಯೂಸ್ ಕುಡಿದ್ರಾ?”

“ಲೋಟ ಖಾಲಿ ಮಾಡಿದ್ರು. ‘ಉರಿ ಆರ್ತದವ್ವಾ, ಇನ್ನಷ್ಟು ಕೊಡು’ ಅಂದ್ರು. ದವಾಖಾನ್ಯಾಗ ಕೇಳಿದ್ರ, ಹುಣ್ಣಾದ ಗಂಟಲಿಗೆ ತಣ್ಣಂದೇ ಕೊಡ್ಬೇಕಿತ್ತಲ್ಲಮ್ಮಾ ಅಂದ್ರು.”

“ಆಮ್ಯಾಲ ದಿನಾ ಕೊಟ್ಟಿಯಿಲ್ಲ?”

“ಕೊಟ್ಟೆ. ಆದ್ರ ಅದೇ ವಾರ ಹೋಗಿಬಿಟ್ರು.”

ತಂಗಿ ಹಣ್ಣಿನ ಚೀಲ ಬದಿಗಿಟ್ಟು ಅಕ್ಕನ ಹತ್ತಿರ ಸರಿದಳು.

“ನೀ ಛಲೋದಕ್ಕೇ ಮಾಡಿದ್ದಿ, ಅಕ್ಕಾ.”

“ಹೂಂ. ಆದ್ರ ಗಂಜಿ ಕಂಡು ಬಾಯಿ ಬಿಗಿ ಹಿಡೀತಿದ್ರಲ್ಲ, ಮುದುಕಿ ಹಟ ಅಂತ ತಿಳಿದೆ. ಯಾಕ ಅಂತ ಒಮ್ಮಿನೂ ಕೇಳಲಿಲ್ಲ.”

ಕಂಡಕ್ಟರ್ “ಕಮಲಾಪುರ, ಕಮಲಾಪುರ” ಎಂದು ಕೂಗಿದ. ತ್ರಿವೇಣಿ ಅಕ್ಕನ ಕೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಸ್ ಹತ್ತಿದಳು. ಮಂಜುಷಾ ನೋಡುತ್ತಿದ್ದಂತೆ ಭೀಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಆಟೋಗಳ ಕಡೆ ನಡೆದಳು.